ಜ್ವರದ ಎಷ್ಟನೇ ದಿನ? ಮಲೆನಾಡು ಮತ್ತು ಕರಾವಳಿಯಲ್ಲಿ ಮೂಲ ತೋರದ ಜ್ವರದ ಪತ್ತೆ ಹಾಗೂ ನಿರ್ವಹಣೆ

ಸಮಸ್ಯೆಯ ಸ್ವರೂಪ

ಈ ಕೈಪಿಡಿ ಒಂದೇ ಬಗೆಯ ರೋಗಿಯನ್ನು ಕುರಿತದ್ದು. ರೋಗಿ ವಯಸ್ಕರು, ಎರಡರಿಂದ ಹತ್ತು ದಿನಗಳಿಂದ ಜ್ವರವಿದೆ, ಜೊತೆಗೆ ತಲೆನೋವು, ಮೈಕೈ ನೋವು, ಒಂದೆರಡು ಬಾರಿ ವಾಂತಿ, ಊಟ ಸೇರದಿರುವುದು. ಗಂಟಲು, ಎದೆ, ಮೂತ್ರನಾಳ, ಚರ್ಮ ಇವುಗಳಲ್ಲಿ ಎಲ್ಲಿಯೂ ಜ್ವರದ ಮೂಲ ಇದೇ ಎಂದು ಹೇಳುವಂತಹ ಲಕ್ಷಣ ಕಾಣುವುದಿಲ್ಲ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಳೆಗಾಲದಿಂದ ಬೇಸಿಗೆಯವರೆಗೆ ಇಂತಹ ರೋಗಿಗಳು ನಿತ್ಯವೂ ಬರುತ್ತಾರೆ. ಹೆಚ್ಚಿನವರದು ತಾನಾಗಿಯೇ ಇಳಿಯುವ ವೈರಲ್ ಜ್ವರ. ಉಳಿದವರಲ್ಲಿ ಡೆಂಗಿ, ಮಲೇರಿಯಾ, ಸ್ಕ್ರಬ್ ಟೈಫಸ್ (ಪೊದೆಯ ನುಸಿ ಕಡಿತದಿಂದ ಬರುವ ಜ್ವರ), ಇಲಿಜ್ವರ (ಲೆಪ್ಟೋಸ್ಪೈರೋಸಿಸ್), ಟೈಫಾಯ್ಡ್ ಮತ್ತು ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆ (ಕೆಎಫ್‌ಡಿ) ಇರುತ್ತವೆ. ಮೊದಲ ಮೂರು ದಿನ ಇವೆಲ್ಲವೂ ಬಹುಮಟ್ಟಿಗೆ ಒಂದೇ ರೀತಿ ಕಾಣುತ್ತವೆ.

ಇವುಗಳನ್ನು ಬೇರ್ಪಡಿಸುವಲ್ಲಿ ಅತಿ ಹೆಚ್ಚು ನೆರವಾಗುವುದು ದುಬಾರಿ ಪರೀಕ್ಷೆಯಲ್ಲ, ಇಂದು ಜ್ವರದ ಎಷ್ಟನೇ ದಿನ ಎಂಬ ಲೆಕ್ಕ. ಯಾವ ಪರೀಕ್ಷೆ ಇಂದು ನಿಜ ಹೇಳುತ್ತದೆ, ಯಾವ ಅಪಾಯ ಇಂದು ಎದುರಾಗಬಹುದು, ಯಾವ ಔಷಧಿಗೆ ಇನ್ನು ಕಾಯಬಾರದು ಎಂಬ ಮೂರೂ ತೀರ್ಮಾನಗಳು ಆ ಲೆಕ್ಕವನ್ನು ಅವಲಂಬಿಸಿವೆ. ಆದುದರಿಂದ ಹೊರರೋಗಿ ಚೀಟಿಯ ಮೊದಲ ಸಾಲಿನಲ್ಲಿ ‘ಜ್ವರ’ ಎಂದಷ್ಟೇ ಬರೆಯದೆ ‘ಜ್ವರ, ನಾಲ್ಕನೇ ದಿನ’ ಎಂದು ಬರೆಯುವುದನ್ನು ರೂಢಿಸಿಕೊಳ್ಳಬೇಕು. ಹೀಗೆ ಎಣಿಸುವಾಗ ಒಂದು ಎಚ್ಚರಿಕೆ ಅಗತ್ಯ. ರೋಗಿ ‘ನಿನ್ನೆಯಿಂದ’ ಎಂದು ಹೇಳಿದರೂ, ಅದಕ್ಕೂ ಎರಡು ದಿನ ಮೊದಲೇ ಮೈ ಬಿಸಿಯಾಗಿ ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ನುಂಗಿರುವುದು ಸಾಮಾನ್ಯ. ‘ಮೊದಲ ಮಾತ್ರೆ ನುಂಗಿದ್ದು ಯಾವಾಗ?’ ಎಂಬ ಪ್ರಶ್ನೆಗೆ ಹೆಚ್ಚು ನಂಬಲರ್ಹ ಉತ್ತರ ಸಿಗುತ್ತದೆ.

ಮೊದಲು ಅಪಾಯದ ತಪಾಸಣೆ

ರೋಗದ ಹೆಸರು ಹುಡುಕುವುದಕ್ಕೆ ಮುನ್ನ ರೋಗಿಯನ್ನು ಇಲ್ಲಿಯೇ ಇರಿಸಿಕೊಳ್ಳಬಹುದೇ, ಮುಂದಿನ ಆಸ್ಪತ್ರೆಗೆ ಕಳುಹಿಸಬೇಕೇ ಎಂಬುದನ್ನು ನಿರ್ಧರಿಸಬೇಕು. ನಾಡಿ, ರಕ್ತದೊತ್ತಡ, ನಿಮಿಷಕ್ಕೆ ಉಸಿರಾಟದ ಸಂಖ್ಯೆ, ಆಮ್ಲಜನಕದ ಮಟ್ಟ, ಪ್ರಜ್ಞೆಯ ಸ್ಥಿತಿ ಮತ್ತು ಕಳೆದ ಆರು ಗಂಟೆಗಳಲ್ಲಿ ಮೂತ್ರ ಹೋಗಿದೆಯೇ ಎಂಬ ವಿವರ, ಇವಿಷ್ಟನ್ನು ದಾಖಲಿಸಲು ಐದು ನಿಮಿಷ ಸಾಕು. ಉಸಿರಾಟ ನಿಮಿಷಕ್ಕೆ 22 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮೇಲಿನ ರಕ್ತದೊತ್ತಡ 100 ಅಥವಾ ಅದಕ್ಕಿಂತ ಕಡಿಮೆಯಿದ್ದರೆ, ಮಾತಿನಲ್ಲಿ ಗೊಂದಲವಿದ್ದರೆ, ಕಣ್ಣು ಹಳದಿಯಾಗಿದ್ದರೆ, ಎಲ್ಲಿಂದಾದರೂ ರಕ್ತಸ್ರಾವವಿದ್ದರೆ ಅಥವಾ ಮೂತ್ರ ತೀರ ಕಡಿಮೆಯಾಗಿದ್ದರೆ ಆ ರೋಗಿಯನ್ನು ಕೇಂದ್ರದಲ್ಲಿ ಇರಿಸಿಕೊಳ್ಳುವ ಯೋಚನೆ ಬೇಡ. ರಕ್ತನಾಳಕ್ಕೆ ಸೂಜಿ ಹಾಕಿ, ದ್ರವ ಆರಂಭಿಸಿ, ಪತ್ರ ಬರೆದು ಕಳುಹಿಸಬೇಕು.

ರಕ್ತದೊತ್ತಡವನ್ನು ಓದುವಾಗ ಮೇಲಿನ ಅಂಕಿಯನ್ನಷ್ಟೇ ನೋಡಿ ಸಮಾಧಾನಪಡುವುದು ಡೆಂಗಿಯಲ್ಲಿ ಅಪಾಯಕಾರಿ. ರಕ್ತನಾಳಗಳಿಂದ ದ್ರವ ಸೋರಿಹೋಗುತ್ತಿರುವಾಗ ದೇಹವು ಕೆಳಗಿನ ಅಂಕಿಯನ್ನು ಏರಿಸಿ ಮೇಲಿನದನ್ನು ಕೆಲಕಾಲ ಕಾಪಾಡಿಕೊಳ್ಳುತ್ತದೆ. 100/84 ಎಂಬ ದಾಖಲೆ ಮೇಲ್ನೋಟಕ್ಕೆ ಪರವಾಗಿಲ್ಲ ಎನಿಸಿದರೂ, ಎರಡರ ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾಗಿದ್ದು ಕೈಕಾಲು ತಣ್ಣಗಿದ್ದರೆ ಅದು ಆಘಾತದ (ಶಾಕ್, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದಿರುವ) ಸ್ಥಿತಿಯೇ ಆಗಿದೆ. ಇಂತಹ ರೋಗಿ ಎದ್ದು ಕುಳಿತು ಸ್ಪಷ್ಟವಾಗಿ ಮಾತನಾಡುತ್ತಿರುವುದು ವೈದ್ಯರನ್ನೂ ಮನೆಯವರನ್ನೂ ಒಟ್ಟಿಗೆ ದಾರಿ ತಪ್ಪಿಸುತ್ತದೆ.

ಕೇಳಬೇಕಾದ ಪ್ರಶ್ನೆಗಳು

‘ಏನು ಕೆಲಸ ಮಾಡುತ್ತೀರಿ?’ ಎಂದು ಕೇಳಿದರೆ ‘ಕೃಷಿ’ ಎಂಬ ಉತ್ತರ ಬರುತ್ತದೆ. ಅದರಿಂದ ರೋಗಪತ್ತೆಗೆ ಪ್ರಯೋಜನವಿಲ್ಲ. ಕಳೆದ ಮೂರು ವಾರಗಳಲ್ಲಿ ಕೊಟ್ಟಿಗೆಗೆ ದರಗು (ಒಣ ಎಲೆ) ಅಥವಾ ಸೊಪ್ಪು ತರಲು ಕಾಡಿಗೆ ಹೋಗಿದ್ದಾರೆಯೇ, ಮೈಮೇಲೆ ಉಣುಗು (ಉಣ್ಣೆ) ಕಂಡಿದೆಯೇ, ಊರಿನ ಸುತ್ತ ಮಂಗ ಸತ್ತ ಸುದ್ದಿಯಿದೆಯೇ ಎಂದು ಬಿಡಿಸಿ ಕೇಳಬೇಕು. ನಾಟಿಗೆ, ತೋಟದ ಬಸಿಗಾಲುವೆ ಬಿಡಿಸಲು ಬರಿಗಾಲಿನಲ್ಲಿ ನೀರಿಗೆ ಇಳಿದಿದ್ದರೇ, ಕಾಲಿನಲ್ಲಿ ಗಾಯ ಅಥವಾ ಬಿರುಕು ಇತ್ತೇ ಎಂಬುದು ಇಲಿಜ್ವರಕ್ಕೆ ಸಂಬಂಧಿಸಿದ ಪ್ರಶ್ನೆ. ಹುಲ್ಲು, ಪೊದೆ ಸವರುವ ಕೆಲಸ ಸ್ಕ್ರಬ್ ಟೈಫಸ್‌ನತ್ತ ಬೆರಳು ತೋರಿಸುತ್ತದೆ. ಮಂಗಳೂರಿನಂತಹ ನಗರದಲ್ಲಿ ಕಟ್ಟಡ ಕೆಲಸ ಮಾಡಿ ಬಂದವರಲ್ಲಿ ಮಲೇರಿಯಾವನ್ನು ಮೊದಲು ನೆನೆಯಬೇಕು. ಅಲ್ಲಿ ಸೊಳ್ಳೆ ಹುಟ್ಟುವುದು ಹೊಂಡಗಳಲ್ಲಿ ಮಾತ್ರವಲ್ಲ, ಕಟ್ಟಡದ ತೊಟ್ಟಿಗಳಲ್ಲಿ ಮತ್ತು ತಾರಸಿಯ ಮೇಲೆ ನಿಂತ ನೀರಿನಲ್ಲಿಯೂ ಹೌದು. ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಇನ್ನಾರಿಗೆ ಜ್ವರ ಬಂದಿತ್ತು ಎಂಬ ಪ್ರಶ್ನೆಗೆ ರೋಗಿಗಿಂತ ಆಶಾ ಕಾರ್ಯಕರ್ತೆಯ ಬಳಿ ಹೆಚ್ಚು ಖಚಿತವಾದ ಉತ್ತರ ಸಿಗುತ್ತದೆ.

ಇದುವರೆಗೆ ಏನೆಲ್ಲ ಔಷಧಿ ಸಿಕ್ಕಿದೆ ಎಂಬುದನ್ನು ತಪ್ಪದೆ ಬರೆದುಕೊಳ್ಳಬೇಕು. ‘ಒಂದು ಇಂಜೆಕ್ಷನ್ ಹಾಕಿದರು, ಆ ದಿನ ಜ್ವರ ಬಿಟ್ಟಿತು’ ಎಂದರೆ ಅದು ಡೈಕ್ಲೊಫೆನಾಕ್ ಅಥವಾ ಸ್ಟಿರಾಯ್ಡ್ ಆಗಿರುವ ಸಂಭವವಿದೆ. ಮೊದಲನೆಯದು ಡೆಂಗಿಯಲ್ಲಿ ರಕ್ತಸ್ರಾವಕ್ಕೆ ಮತ್ತು ಇಲಿಜ್ವರದಲ್ಲಿ ಮೂತ್ರಪಿಂಡದ ಹಾನಿಗೆ ದಾರಿಮಾಡುತ್ತದೆ. ಎರಡನೆಯದು ಜ್ವರದ ಲೆಕ್ಕವನ್ನೇ ಕೆಡಿಸಿಬಿಡುತ್ತದೆ.

ಬಟ್ಟೆ ಸರಿಸಿ ನೋಡಬೇಕಾದದ್ದು

ಸ್ಕ್ರಬ್ ಟೈಫಸ್‌ನ ಗುರುತಾದ ಕಪ್ಪು ಹಕ್ಕಳೆಯು ಬೀಡಿಯಿಂದ ಸುಟ್ಟಂತೆ ಕಾಣುತ್ತದೆ. ಸುತ್ತ ಕೆಂಪು ಅಂಚು ಇರುತ್ತದೆ. ನೋವಾಗಲಿ ತುರಿಕೆಯಾಗಲಿ ಇರುವುದಿಲ್ಲ. ನೋವಿಲ್ಲದ ಕಾರಣ ರೋಗಿಗೆ ಅದು ಇರುವುದೇ ಗೊತ್ತಿರುವುದಿಲ್ಲ, ಆದ್ದರಿಂದ ಕೇಳಿ ಪ್ರಯೋಜನವಿಲ್ಲ, ಹುಡುಕಲೇಬೇಕು. ಕಂಕುಳು, ಸ್ತನದ ಕೆಳಭಾಗ, ಸೀರೆ ಅಥವಾ ಲುಂಗಿ ಬಿಗಿಯುವ ಸೊಂಟದ ಸುತ್ತು, ತೊಡೆಸಂದು, ವೃಷಣದ ಚರ್ಮ, ಮಂಡಿಯ ಹಿಂಭಾಗ ಮತ್ತು ಕಿವಿಯ ಹಿಂದೆ ನೋಡಬೇಕು. ತೇವ ನಿಲ್ಲುವ ಜಾಗಗಳಲ್ಲಿ ಅದು ಕಪ್ಪಾಗದೆ ಬಿಳಿಚಿದ ಸಣ್ಣ ಹುಣ್ಣಾಗಿಯೇ ಉಳಿಯಬಹುದು. ಮಹಿಳೆಯರನ್ನು ಪರೀಕ್ಷಿಸುವಾಗ ಶುಶ್ರೂಷಕಿಯ ನೆರವು ಪಡೆದು, ಏತಕ್ಕಾಗಿ ನೋಡುತ್ತಿದ್ದೇವೆ ಎಂಬುದನ್ನು ಮೊದಲೇ ತಿಳಿಸಿದರೆ ಯಾರೂ ನಿರಾಕರಿಸುವುದಿಲ್ಲ. ಮರೆಯ ಪರದೆಯಿಲ್ಲ ಎಂಬ ಕಾರಣಕ್ಕೆ ಈ ತಪಾಸಣೆ ಬಿಟ್ಟುಹೋಗುವುದಾದರೆ, ಹೊಸ ಯಂತ್ರಕ್ಕಿಂತ ಮೊದಲು ಆ ಪರದೆಯನ್ನು ತರಿಸುವುದು ಉತ್ತಮ. ಹಕ್ಕಳೆ ಸಿಕ್ಕರೆ ರೋಗಪತ್ತೆ ಬಹುತೇಕ ಅಲ್ಲಿಗೇ ಮುಗಿಯುತ್ತದೆ. ಸಿಗದಿದ್ದರೆ ರೋಗ ಇಲ್ಲವೆಂದು ಅರ್ಥವಲ್ಲ, ಏಕೆಂದರೆ ಅನೇಕ ರೋಗಿಗಳಲ್ಲಿ ಅದು ಮೂಡುವುದೇ ಇಲ್ಲ.

ಮೀನಖಂಡವನ್ನು ಹಿಡಿದು ಒತ್ತಿದಾಗ ರೋಗಿ ಕಾಲು ಎಳೆದುಕೊಳ್ಳುವಷ್ಟು ನೋವಿದ್ದು, ಕಣ್ಣಿನ ಬಿಳಿಭಾಗ ಕೀವಿಲ್ಲದೆ ಕೆಂಪೇರಿದ್ದರೆ ಇಲಿಜ್ವರದ ಅನುಮಾನ ಬಲವಾಗುತ್ತದೆ. ಮಂಗನ ಕಾಯಿಲೆಯಲ್ಲೂ ಕಣ್ಣು ಕೆಂಪೇರುವುದರಿಂದ ಊರು ಮತ್ತು ತಿಂಗಳನ್ನು ಜೊತೆಗಿಟ್ಟು ನೋಡಬೇಕು. ಡೆಂಗಿಯ ಅನುಮಾನವಿದ್ದರೆ ರಕ್ತದೊತ್ತಡದ ಪಟ್ಟಿಯನ್ನು ಮೇಲಿನ ಮತ್ತು ಕೆಳಗಿನ ಅಂಕಿಗಳ ನಡುವಿನ ಒತ್ತಡದಲ್ಲಿ ಐದು ನಿಮಿಷ ಹಿಡಿದು, ಬಿಟ್ಟ ನಂತರ ಮುಂಗೈಯ ಮೇಲೆ ಒಂದು ಚದರ ಅಂಗುಲದಲ್ಲಿ ಹತ್ತು ಅಥವಾ ಹೆಚ್ಚು ಕೆಂಪು ಚುಕ್ಕೆಗಳು ಮೂಡಿವೆಯೇ ಎಂದು ಎಣಿಸಬಹುದು. ಇದು ಖಚಿತ ಪರೀಕ್ಷೆಯಲ್ಲ, ಆದರೆ ಖರ್ಚಿಲ್ಲದ್ದು.

ಯಾವ ದಿನಕ್ಕೆ ಯಾವ ಪರೀಕ್ಷೆ

ಮಲೇರಿಯಾಕ್ಕೆ ದಿನದ ಮಿತಿಯಿಲ್ಲ. ಮೊದಲ ಭೇಟಿಯಲ್ಲೇ ರಕ್ತಲೇಪ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮತ್ತು ಕ್ಷಿಪ್ರ ಪರೀಕ್ಷೆ ಎರಡನ್ನೂ ಮಾಡಬೇಕು. ಒಂದು ಬಾರಿ ಇಲ್ಲವೆಂದು ಬಂದರೂ ಅನುಮಾನ ಉಳಿದಿದ್ದರೆ 12ರಿಂದ 24 ಗಂಟೆಗಳ ಅಂತರದಲ್ಲಿ ಮತ್ತೆರಡು ಬಾರಿ ಲೇಪ ನೋಡಬೇಕು. ಮಲೇರಿಯಾದ ಹೆಚ್ಚು ಅಪಾಯಕಾರಿ ಬಗೆಯಾದ ಫಾಲ್ಸಿಪಾರಂ ಪತ್ತೆಗೆ ಬಳಸುವ ಕ್ಷಿಪ್ರ ಪರೀಕ್ಷೆಯ ಗೆರೆಯು ಚಿಕಿತ್ಸೆ ಮುಗಿದ ನಂತರವೂ ಕೆಲವು ವಾರಗಳವರೆಗೆ ಮೂಡುತ್ತಿರುತ್ತದೆ. ಹಾಗಾಗಿ ಕಳೆದ ತಿಂಗಳು ಮಲೇರಿಯಾ ಆಗಿದ್ದವರಲ್ಲಿ ಲೇಪದ ವರದಿಯನ್ನೇ ನಂಬಬೇಕು.

ಡೆಂಗಿಗೆ ಮೊದಲ ಐದು ದಿನ ವೈರಸ್‌ನ ಪ್ರೋಟೀನನ್ನು ಹುಡುಕುವ ಎನ್‌ಎಸ್1 ಪರೀಕ್ಷೆ, ಅನಂತರ ದೇಹದ ಪ್ರತಿಕಾಯವನ್ನು ಹುಡುಕುವ ಐಜಿಎಂ. ಎರಡನೇ ದಿನ ಐಜಿಎಂ ಮಾಡಿಸಿ ಇಲ್ಲವೆಂದು ನಿರಾಳರಾಗುವುದೂ, ಏಳನೇ ದಿನ ಎನ್‌ಎಸ್1 ಮಾಡಿಸಿ ಇಲ್ಲವೆಂದು ನಿರಾಳರಾಗುವುದೂ ಒಂದೇ ತಪ್ಪಿನ ಎರಡು ರೂಪ. ಹಿಂದೊಮ್ಮೆ ಡೆಂಗಿ ಆಗಿದ್ದವರಲ್ಲಿ ಎನ್‌ಎಸ್1 ಬೇಗ ಮರೆಯಾಗುವುದರಿಂದ, ಹೆಚ್ಚು ಅಪಾಯವಿರುವ ಅವರಲ್ಲೇ ಪರೀಕ್ಷೆ ಹೆಚ್ಚು ಕೈಕೊಡುತ್ತದೆ. ಐಜಿಎಂ ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯುವುದರಿಂದ, ಅದು ಇಂದಿನ ಜ್ವರದ್ದೋ ಹಳೆಯದರದ್ದೋ ಎಂಬ ಪ್ರಶ್ನೆಯೂ ಇರುತ್ತದೆ. ಸ್ಕ್ರಬ್ ಟೈಫಸ್ ಮತ್ತು ಇಲಿಜ್ವರದ ಐಜಿಎಂ ಎಲೈಸಾ ಪರೀಕ್ಷೆಗಳು ಮೊದಲ ವಾರದ ಕೊನೆಗೆ ಅರ್ಥಪೂರ್ಣವಾಗುತ್ತವೆ. ಮಂಗನ ಕಾಯಿಲೆಗೆ ಆರಂಭದ ದಿನಗಳಲ್ಲಿ ಆರ್‌ಟಿ-ಪಿಸಿಆರ್, ನಂತರ ಐಜಿಎಂ. ಮಾದರಿಯನ್ನು ಜಿಲ್ಲಾ ವ್ಯವಸ್ಥೆಯ ಮೂಲಕ ತಣ್ಣನೆಯ ಪೆಟ್ಟಿಗೆಯಲ್ಲಿ ಕಳುಹಿಸಬೇಕಾಗುತ್ತದೆ.

ಟೈಫಾಯ್ಡ್ ಪತ್ತೆಗೆಂದು ಮಾಡಿಸುವ ವಿಡಾಲ್ ಪರೀಕ್ಷೆಯ ಕುರಿತು ನೇರವಾಗಿಯೇ ಹೇಳಬೇಕು. ಜ್ವರದ ಎರಡನೇ ದಿನ ಮಾಡಿದ ಒಂದೇ ಒಂದು ವಿಡಾಲ್ ವರದಿಯಿಂದ ಟೈಫಾಯ್ಡ್ ಎಂದು ತೀರ್ಮಾನಿಸಲು ಯಾವ ಆಧಾರವೂ ಇಲ್ಲ. ಹಿಂದಿನ ಸೋಂಕು, ಹಿಂದೆ ಪಡೆದ ಲಸಿಕೆ, ಬೇರೆ ಜ್ವರಗಳು, ಇವೆಲ್ಲವುಗಳಿಂದ ಅದು ಇದೆಯೆಂದು ತೋರಿಸಬಹುದು. ‘ಟೈಫಾಯ್ಡ್, ಮಲೇರಿಯಾ ಎರಡೂ ಇದೆಯಂತೆ’ ಎಂದು ವರದಿ ಹಿಡಿದು ಬರುವ ರೋಗಿಗಳ ಸಂಖ್ಯೆ ನಮ್ಮಲ್ಲಿ ಇಷ್ಟಿರುವುದಕ್ಕೆ ರೋಗಾಣುಗಳಿಗಿಂತ ಈ ಪರೀಕ್ಷೆಯೇ ಹೆಚ್ಚು ಕಾರಣ. ಟೈಫಾಯ್ಡ್ ಅನುಮಾನವಿದ್ದರೆ ಪ್ರತಿಜೀವಕ ಆರಂಭಿಸುವ ಮೊದಲು ರಕ್ತದ ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ತೆಗೆಸಬೇಕು. ಮೊದಲ ವಾರದಲ್ಲಿ ಅದು ಹೆಚ್ಚು ಫಲ ಕೊಡುತ್ತದೆ.

ಸಾಮಾನ್ಯ ರಕ್ತಪರೀಕ್ಷೆಯೂ ಸಾಕಷ್ಟು ಮಾತನಾಡುತ್ತದೆ. ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಎರಡೂ ಇಳಿದಿದ್ದರೆ ಡೆಂಗಿ ಅಥವಾ ಮಂಗನ ಕಾಯಿಲೆ ಮುಂದೆ ಬರುತ್ತವೆ. ಪ್ಲೇಟ್‌ಲೆಟ್ ಇಳಿದು ಬಿಳಿಕಣ ಏರಿದ್ದು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ಕೂಡ ಹೆಚ್ಚಿದ್ದರೆ ಇಲಿಜ್ವರವನ್ನು ಮೊದಲು ನೆನೆಯಬೇಕು. ಅದರಲ್ಲಿ ಬಿಲಿರುಬಿನ್ (ಕಾಮಾಲೆಯ ಹಳದಿ ವರ್ಣಕ) ಬಹಳ ಏರಿದ್ದರೂ ಯಕೃತ್ತಿನ ಕಿಣ್ವಗಳು ಅಷ್ಟಾಗಿ ಏರಿರುವುದಿಲ್ಲ ಎಂಬುದು ಕಾಮಾಲೆಯ ಇತರ ಕಾರಣಗಳಿಂದ ಅದನ್ನು ಬೇರ್ಪಡಿಸಲು ನೆರವಾಗುತ್ತದೆ.

ಡೆಂಗಿ: ಜ್ವರ ಬಿಟ್ಟ ದಿನವೇ ಕಾಯಬೇಕಾದ ದಿನ

ಡೆಂಗಿಯಲ್ಲಿ ಜನರ ಅನುಭವಕ್ಕೂ ರೋಗದ ನಡೆಗೂ ನಡುವೆ ವಿರೋಧವಿದೆ. ಮೂರರಿಂದ ಏಳನೇ ದಿನಗಳ ನಡುವೆ ಜ್ವರ ಇಳಿಯುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ, ಮುಂದಿನ 24ರಿಂದ 48 ಗಂಟೆಗಳಲ್ಲಿ ದ್ರವ ಸೋರುವಿಕೆ ತನ್ನ ತುದಿ ಮುಟ್ಟುತ್ತದೆ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ತಳಮಳ ಅಥವಾ ಮಂಕು, ಹೊಟ್ಟೆ ಉಬ್ಬರ, ಏರುತ್ತಿರುವ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು), ಇವುಗಳಲ್ಲಿ ಒಂದು ಕಂಡರೂ ದಾಖಲಿಸಿಕೊಳ್ಳಬೇಕು. ಆದ್ದರಿಂದ ‘ಜ್ವರ ಬಿಟ್ಟರೆ ಬರುವುದು ಬೇಡ’ ಎಂಬ ನಮ್ಮ ಮಾಮೂಲಿ ಸೂಚನೆಯನ್ನು ಇಲ್ಲಿ ತಿರುಗಿಸಿ, ಜ್ವರ ಬಿಟ್ಟ ದಿನ ತಪ್ಪದೆ ಬಂದು ತೋರಿಸಬೇಕೆಂದು ಹೇಳಬೇಕು.

ರೋಗಿಯ ಕಡೆಯವರು ಕೇಳುವ ಮೊದಲ ಪ್ರಶ್ನೆ ‘ಪ್ಲೇಟ್‌ಲೆಟ್ ಎಷ್ಟು?’ ಎಂಬುದು. ವೈದ್ಯರು ಕೇಳಿಕೊಳ್ಳಬೇಕಾದ ಪ್ರಶ್ನೆ ಹೆಮಟೋಕ್ರಿಟ್ ಎಷ್ಟಿತ್ತು, ಈಗ ಎಷ್ಟಾಗಿದೆ ಎಂಬುದು. ಆರಂಭದ ಮಟ್ಟಕ್ಕಿಂತ ಅದು ಶೇ 20ರಷ್ಟು ಏರಿದ್ದರೆ ಸೋರುವಿಕೆ ಗಣನೀಯವಾಗಿದೆ. ಹೆಮಟೋಕ್ರಿಟ್ ಯಂತ್ರವಿಲ್ಲದ ಕಡೆ ಹಿಮೋಗ್ಲೋಬಿನ್ ಅನ್ನು ಮೂರರಿಂದ ಗುಣಿಸಿ ಅಂದಾಜು ಮಾಡಬಹುದು. 12 ಇದ್ದ ಹಿಮೋಗ್ಲೋಬಿನ್ ಎರಡು ದಿನದಲ್ಲಿ 15ಕ್ಕೆ ಏರಿದರೆ ಅದು ಸಂತೋಷಪಡುವ ವಿಷಯವಲ್ಲ. ರಕ್ತಸ್ರಾವವಿಲ್ಲದ ರೋಗಿಗೆ ಅಂಕಿ ನೋಡಿ ಪ್ಲೇಟ್‌ಲೆಟ್ ಏರಿಸುವುದರಿಂದ ಲಾಭವಿಲ್ಲ. 10,000ಕ್ಕಿಂತ ಕೆಳಗಿಳಿದಾಗ ಅಥವಾ ಗಮನಾರ್ಹ ರಕ್ತಸ್ರಾವವಿದ್ದಾಗ ಆ ಮಾತು. ಪಪ್ಪಾಯಿ ಎಲೆಯ ರಸವನ್ನು ಕುಡಿಸಿಯೇ ಬಂದಿರುತ್ತಾರೆ. ವಾದಕ್ಕಿಳಿಯುವ ಬದಲು, ಅದರಿಂದ ವಾಂತಿ ಹೆಚ್ಚಿದ್ದರೆ ನಿಲ್ಲಿಸಿ ಓಆರ್‌ಎಸ್, ಎಳನೀರು, ಗಂಜಿನೀರು ಕೊಡುವಂತೆ ಹೇಳುವುದು ಉಪಯುಕ್ತ.

ಎಚ್ಚರಿಕೆಯ ಲಕ್ಷಣಗಳಿರುವ ವಯಸ್ಕರಿಗೆ ನಾರ್ಮಲ್ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ದ್ರವವನ್ನು ಮೊದಲ ಒಂದೆರಡು ಗಂಟೆ ಕಿಲೋ ತೂಕಕ್ಕೆ ಗಂಟೆಗೆ 5ರಿಂದ 7 ಮಿ.ಲೀ., ಮುಂದಿನ ಎರಡರಿಂದ ನಾಲ್ಕು ಗಂಟೆ 3ರಿಂದ 5 ಮಿ.ಲೀ., ಬಳಿಕ 2ರಿಂದ 3 ಮಿ.ಲೀ. ಪ್ರಮಾಣದಲ್ಲಿ ಕೊಟ್ಟು, ಪ್ರತಿ ಹಂತದಲ್ಲೂ ನಾಡಿ, ಮೂತ್ರ ಮತ್ತು ಹೆಮಟೋಕ್ರಿಟ್ ನೋಡಿ ತಗ್ಗಿಸುತ್ತ ಹೋಗಬೇಕು. ಎಚ್ಚರಿಕೆಯ ಲಕ್ಷಣಗಳಿಲ್ಲದೆ ಬಾಯಿಂದ ಕುಡಿಯಬಲ್ಲವರಿಗೆ ಡ್ರಿಪ್ ಬೇಡ. ಸೋರುವಿಕೆ ನಿಂತ ಮೇಲೂ ಬಾಟಲಿಗಳನ್ನು ಏರಿಸುತ್ತಲೇ ಹೋದರೆ ದ್ರವವು ಎದೆಯಲ್ಲಿ ತುಂಬಿ ಉಸಿರುಗಟ್ಟುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಯಾವುದೂ ಸಲ್ಲದು. ಎರಡು ದಿನ ಜ್ವರವಿಲ್ಲದೆ, ಊಟ ಸೇರುತ್ತ, ಮೂತ್ರ ಸರಿಯಾಗಿ ಹೋಗುತ್ತ, ದ್ರವವಿಲ್ಲದೆಯೂ ಹೆಮಟೋಕ್ರಿಟ್ ಸ್ಥಿರವಾಗಿದ್ದು, ಪ್ಲೇಟ್‌ಲೆಟ್ ಏರುಮುಖವಾಗಿದ್ದರೆ ಮನೆಗೆ ಕಳುಹಿಸಬಹುದು.

ವರದಿಗೆ ಕಾಯಬಾರದ ಎರಡು ರೋಗಗಳು

ಸ್ಕ್ರಬ್ ಟೈಫಸ್ ಮತ್ತು ಇಲಿಜ್ವರ ಎರಡೂ ಎರಡನೇ ವಾರಕ್ಕೆ ಕಾಲಿಟ್ಟಾಗ ಕೆಡುತ್ತವೆ. ಶ್ವಾಸಕೋಶ, ಮೂತ್ರಪಿಂಡ, ಮೆದುಳು ಒಂದರ ಹಿಂದೊಂದು ಸೋಲತೊಡಗುತ್ತವೆ. ಎಲೈಸಾ ವರದಿ ಬರುವಷ್ಟರಲ್ಲಿ ಕಾಲ ಮೀರಿರಬಹುದು. ಡೆಂಗಿ, ಮಲೇರಿಯಾ ಇಲ್ಲವೆಂದು ಕಂಡು, ಐದನೇ ದಿನವೂ ಜ್ವರ ಇಳಿಯದಿರುವ, ಹೊಲ ತೋಟಗಳ ಸಂಪರ್ಕವಿರುವ ವಯಸ್ಕರಿಗೆ ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೀವಕವನ್ನು 100 ಮಿ.ಗ್ರಾಂ ದಿನಕ್ಕೆ ಎರಡು ಬಾರಿಯಂತೆ ಏಳು ದಿನ ಆರಂಭಿಸುವುದು ಸೂಕ್ತವೆಂಬುದು ನನ್ನ ಖಚಿತ ಅಭಿಪ್ರಾಯ. ಹಕ್ಕಳೆ ಸಿಕ್ಕಿದ್ದರೆ ಅಥವಾ ಇಲಿಜ್ವರದ ಲಕ್ಷಣಗಳು ಸ್ಪಷ್ಟವಾಗಿದ್ದರೆ ಐದನೇ ದಿನದವರೆಗೂ ಕಾಯಬೇಕಾಗಿಲ್ಲ. ಮಾತ್ರೆಯನ್ನು ಊಟದ ನಂತರ ದೊಡ್ಡ ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಮಲಗದಿರಲು ಹೇಳಬೇಕು, ಇಲ್ಲವಾದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಗರ್ಭಿಣಿಯರಿಗೆ ಇದರ ಬದಲು ಅಜಿತ್ರೊಮೈಸಿನ್.

ಸ್ಕ್ರಬ್ ಟೈಫಸ್‌ಗೆ ಸೆಫ್ಟ್ರಿಯಾಕ್ಸೋನ್ ಎಂಬ ಪ್ರತಿಜೀವಕ ಕೆಲಸ ಮಾಡುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಕಾರಣ ತಿಳಿಯದ ಜ್ವರಕ್ಕೆ ನಮ್ಮಲ್ಲಿ ಮೊದಲು ಕೈಹೋಗುವುದು ಅದರ ಕಡೆಗೇ. ಇಲಿಜ್ವರದ ತೀವ್ರ ರೂಪದಲ್ಲಿ ಮಾತ್ರ ಅದು ಅಥವಾ ಪೆನಿಸಿಲಿನ್ ಸರಿಯಾದ ಆಯ್ಕೆ. ಈ ಎರಡು ರೋಗಗಳಲ್ಲಿ ಯಾವುದೆಂದು ತಿಳಿಯದೆ ರೋಗಿ ಕೆಡುತ್ತಿದ್ದರೆ ಸೆಫ್ಟ್ರಿಯಾಕ್ಸೋನ್ ಮತ್ತು ಡಾಕ್ಸಿಸೈಕ್ಲಿನ್ ಎರಡನ್ನೂ ಕೊಟ್ಟು ಕಳುಹಿಸಬೇಕು. ತೀವ್ರ ಸ್ಕ್ರಬ್ ಟೈಫಸ್‌ನಲ್ಲಿ ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೊಮೈಸಿನ್ ಎರಡನ್ನೂ ರಕ್ತನಾಳದ ಮೂಲಕ ಒಟ್ಟಿಗೆ ಕೊಡುವುದು ಒಂದೊಂದನ್ನೇ ಕೊಡುವುದಕ್ಕಿಂತ ಉತ್ತಮವೆಂದು 2023ರಲ್ಲಿ ಪ್ರಕಟವಾದ ಭಾರತದ ಬಹುಕೇಂದ್ರ ಅಧ್ಯಯನ ತೋರಿಸಿದೆ. ಅದು ಮೇಲಿನ ಆಸ್ಪತ್ರೆಯ ಕೆಲಸ. ಇಲಿಜ್ವರದ ರೋಗಿ ಕೆಮ್ಮಿದಾಗ ಕಫದಲ್ಲಿ ರಕ್ತದ ಎಳೆ ಕಂಡರೆ, ಅದು ಶ್ವಾಸಕೋಶದ ರಕ್ತಸ್ರಾವದ ಆರಂಭವಾಗಿರಬಹುದಾದ್ದರಿಂದ ತಡಮಾಡದೆ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಸಾಗಿಸಬೇಕು.

ಮಂಗನ ಕಾಯಿಲೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಉಣುಗುಗಳಿಂದ ಹರಡುತ್ತದೆ. ನವೆಂಬರ್ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇದರ ಕಾಲ. ಅಂದರೆ ಡೆಂಗಿ ಮತ್ತು ಇಲಿಜ್ವರ ತಗ್ಗುವ ಹೊತ್ತಿಗೆ ಇದು ಏಳುತ್ತದೆ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಉಲ್ಬಣಿಸಿದ್ದನ್ನು ಮಲೆನಾಡಿನವರು ಮರೆತಿಲ್ಲ. ಇದ್ದಕ್ಕಿದ್ದಂತೆ ಏರುವ ಜ್ವರ, ಹಣೆಯ ಭಾಗದ ತೀವ್ರ ತಲೆನೋವು, ಸೊಂಟ ಮತ್ತು ಕಾಲುಗಳ ಅಸಾಧ್ಯ ನೋವು, ಹಾಸಿಗೆಯಿಂದ ಏಳಲಾಗದಷ್ಟು ನಿತ್ರಾಣ ಇದರ ಲಕ್ಷಣಗಳು. ವೈರಸ್ ವಿರುದ್ಧ ನಿರ್ದಿಷ್ಟ ಔಷಧಿಯಿಲ್ಲ. ದ್ರವದ ಸಮತೋಲನ, ಪ್ಯಾರಾಸಿಟಮಾಲ್, ರಕ್ತಸ್ರಾವದ ಮೇಲೆ ನಿಗಾ ಇವೇ ಚಿಕಿತ್ಸೆ. ಸಾವಿನ ಪ್ರಮಾಣ ಶೇ 3ರಿಂದ 5ರಷ್ಟು ಎಂದು ಅಂದಾಜಿಸಲಾಗಿದೆ. ಹಳೆಯ ಲಸಿಕೆಯನ್ನು ಪಡೆದವರೆಂಬ ಕಾರಣಕ್ಕೆ ಈ ರೋಗವನ್ನು ತಳ್ಳಿಹಾಕುವಂತಿಲ್ಲ. ಅದರ ಬಳಕೆ 2022ರಲ್ಲಿಯೇ ನಿಂತಿದೆ.

ಇಲ್ಲಿಯೂ ದಿನದ ಲೆಕ್ಕ ಮುಖ್ಯ. ಶೇ 10ರಿಂದ 20ರಷ್ಟು ರೋಗಿಗಳಲ್ಲಿ ಜ್ವರ ಬಿಟ್ಟು ಒಂದೆರಡು ವಾರ ಕಳೆದ ನಂತರ, ಅಂದರೆ ಸುಮಾರು ಮೂರನೇ ವಾರದಲ್ಲಿ, ಎರಡನೇ ಹಂತ ಆರಂಭವಾಗುತ್ತದೆ. ಆಗ ಮತ್ತೆ ಜ್ವರ, ವಿಪರೀತ ತಲೆನೋವು, ಕತ್ತು ಬಿಗಿತ, ಕೈ ನಡುಕ, ದೃಷ್ಟಿ ಮಂಜಾಗುವುದು ಕಾಣಿಸಿಕೊಳ್ಳುತ್ತವೆ. ಗುಣವಾಯಿತೆಂದು ಮನೆಗೆ ಹೋದವರನ್ನು ಆ ವಾರದಲ್ಲಿ ಆಶಾ ಕಾರ್ಯಕರ್ತೆಯ ಮೂಲಕ ಒಮ್ಮೆ ವಿಚಾರಿಸುವ ಏರ್ಪಾಡು ಇರಬೇಕು. ರೋಗವು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲವಾದ್ದರಿಂದ ರೋಗಿಯನ್ನು ಮನೆಯಲ್ಲಿ ದೂರವಿಡುವ ಅಗತ್ಯವಿಲ್ಲವೆಂದೂ ತಿಳಿಸಬೇಕು.

ಮಲೇರಿಯಾ ಖಚಿತವಾದಾಗ

ವೈವಾಕ್ಸ್ ಬಗೆಗೆ ಮೂರು ದಿನ ಕ್ಲೋರೋಕ್ವಿನ್ ಮತ್ತು 14 ದಿನ ಪ್ರೈಮಾಕ್ವಿನ್. ಫಾಲ್ಸಿಪಾರಂ ಬಗೆಗೆ ಆರ್ಟಿಸುನೇಟ್ ಇರುವ ಸಂಯುಕ್ತ ಚಿಕಿತ್ಸೆ ಮತ್ತು ಎರಡನೇ ದಿನ ಒಂದು ಬಾರಿ ಪ್ರೈಮಾಕ್ವಿನ್. ಜ್ವರ ಮೂರನೇ ದಿನಕ್ಕೆ ಇಳಿಯುವುದರಿಂದ 14 ದಿನದ ಮಾತ್ರೆಗಳನ್ನು ಅರ್ಧಕ್ಕೇ ಬಿಡುವವರು ಬಹಳ. ಯಕೃತ್ತಿನಲ್ಲಿ ಅಡಗಿದ ಪರಾವಲಂಬಿಯನ್ನು ಕೊಲ್ಲುವುದು ಅದೇ ಮಾತ್ರೆ. ಬಿಟ್ಟರೆ ತಿಂಗಳುಗಳ ನಂತರ ಜ್ವರ ಮರುಕಳಿಸುತ್ತದೆ. ಗರ್ಭಿಣಿಯರಿಗೆ, ಶಿಶುಗಳಿಗೆ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಿಗೆ ಪ್ರೈಮಾಕ್ವಿನ್ ಕೊಡಬಾರದು. ಉಳಿದವರಿಗೂ ಮೂತ್ರ ಕಪ್ಪಗಾದರೆ ಮಾತ್ರೆ ನಿಲ್ಲಿಸಿ ಬರಲು ಹೇಳಬೇಕು.

ಚಿಕಿತ್ಸೆಗೆ ಜ್ವರ ಬಗ್ಗದಿದ್ದರೆ

ಇಲ್ಲಿ ಮತ್ತೆ ಗಂಟೆ ಮತ್ತು ದಿನಗಳನ್ನು ಎಣಿಸಬೇಕು. ಸ್ಕ್ರಬ್ ಟೈಫಸ್ ಆಗಿದ್ದರೆ ಡಾಕ್ಸಿಸೈಕ್ಲಿನ್ ಆರಂಭಿಸಿದ 48 ಗಂಟೆಗಳಲ್ಲಿ ಸಾಮಾನ್ಯವಾಗಿ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ರೋಗನಿರ್ಣಯವನ್ನೇ ಮರುಪರಿಶೀಲಿಸಬೇಕು. ಟೈಫಾಯ್ಡ್ ಹಾಗಲ್ಲ, ಸರಿಯಾದ ಪ್ರತಿಜೀವಕ ಸಿಕ್ಕರೂ ಜ್ವರ ಇಳಿಯಲು ನಾಲ್ಕರಿಂದ ಆರು ದಿನ ಬೇಕಾಗಬಹುದು, ಆದುದರಿಂದ ಎರಡನೇ ದಿನವೇ ಔಷಧಿ ಬದಲಿಸುವುದು ಅವಸರವಾಗುತ್ತದೆ. ಎರಡು ವಾರ ದಾಟಿದ ಜ್ವರವು ಈ ಕೈಪಿಡಿಯ ವ್ಯಾಪ್ತಿಯಿಂದ ಹೊರಗೆ ಹೋಗುತ್ತದೆ. ಅಲ್ಲಿ ಕ್ಷಯ, ಯಕೃತ್ತಿನ ಕೀವುಗಟ್ಟು, ಹೃದಯದ ಒಳಪದರದ ಸೋಂಕು, ಹಸು ಎಮ್ಮೆಗಳ ಕರು ಹಾಕಿಸುವ ಕೆಲಸ ಮಾಡಿದವರಲ್ಲಿ ಬ್ರುಸೆಲ್ಲಾ (ದನಗಳಿಂದ ಹರಡುವ ಬ್ಯಾಕ್ಟೀರಿಯಾ ಸೋಂಕು) ಮುಂತಾದುವನ್ನು ಹುಡುಕಬೇಕಾಗುತ್ತದೆ ಮತ್ತು ಅದಕ್ಕೆ ಬೇಕಾದ ಸ್ಕ್ಯಾನ್, ಕಲ್ಚರ್ ಸೌಲಭ್ಯಗಳು ಜಿಲ್ಲಾ ಆಸ್ಪತ್ರೆಯಲ್ಲಿವೆ. ಕಳುಹಿಸುವ ಪತ್ರದಲ್ಲಿ ಜ್ವರದ ಮೊದಲ ದಿನಾಂಕ, ಮಾಡಿದ ಪ್ರತಿ ಪರೀಕ್ಷೆ ಜ್ವರದ ಎಷ್ಟನೇ ದಿನದ್ದು, ಕೊಟ್ಟ ಪ್ರತಿಜೀವಕದ ಹೆಸರು ಮತ್ತು ಮೊದಲ ಡೋಸ್ ಕೊಟ್ಟ ಸಮಯ, ಆರಂಭದ ಹೆಮಟೋಕ್ರಿಟ್, ಈ ವಿವರಗಳನ್ನು ಓದಲು ಬರುವಂತಹ ಅಕ್ಷರದಲ್ಲಿ ಬರೆದು, ಒಂದು ಪ್ರತಿಯನ್ನು ರೋಗಿಯ ಕೈಯಲ್ಲಿಯೂ ಕೊಡಬೇಕು.